ಕಪ್ಪೆಯ ಕಾಲಿನಿಂದ ಚಿಪ್‌ನವರೆಗೆ: ಲುಯಿಜಿ ಗಾಲ್ವಾನಿಯ ಬದುಕು



ನಮ್ಮ ಅಬ್ಬಾ ಅವರ ಹಾರ್ಡ್‌ವೇರ್ ಅಂಗಡಿಯಲ್ಲಿ ಸಂಜೆ ಹೊತ್ತು ಬಿಲ್ ಬರೆಯುವುದು ನನ್ನ ಕೆಲಸ. ಜಿ.ಐ. ಪೈಪ್, ಜಿ.ಐ. ತಂತಿ, ಜಿ.ಐ. ಶೀಟ್ ಎಂದು ದಿನಕ್ಕೆ ಎಷ್ಟು ಸಲ ಬರೆಯುತ್ತೇನೋ ಲೆಕ್ಕವಿಲ್ಲ. ಜಿ.ಐ. ಎಂದರೆ ಗ್ಯಾಲ್ವನೈಸ್ಡ್ ಐರನ್, ಅಂದರೆ ತುಕ್ಕು ಹಿಡಿಯದಂತೆ ಸತುವಿನ ಲೇಪ ಕೊಟ್ಟ ಕಬ್ಬಿಣ. ಆ ಹೆಸರಿನೊಳಗೆ ಒಬ್ಬ ಮನುಷ್ಯ ಅಡಗಿದ್ದಾರೆ. ಅವರೇ ಇಟಲಿಯ ಬೊಲೊನ್ಯ ನಗರದ ವೈದ್ಯ ಲುಯಿಜಿ ಗಾಲ್ವಾನಿ. ಅವರು ಕಬ್ಬಿಣಕ್ಕೆ ಸತು ಬಳಿದವರಲ್ಲ. ನಮ್ಮ ನರಗಳಲ್ಲಿ ಓಡುವುದು ವಿದ್ಯುತ್ ಎಂದು ಪ್ರಯೋಗ ಮಾಡಿ ತೋರಿಸಲು ಹೊರಟವರು. ಇಂದು ನರಕೋಶಗಳ ಸಂಕೇತವನ್ನು ದಾಖಲಿಸುವ ಚಿಪ್‌ಗಳನ್ನು ತಯಾರಿಸುತ್ತಿದ್ದಾರಲ್ಲ, ಆ ಕೆಲಸದ ಬೇರು ಗಾಲ್ವಾನಿಯ ಮೇಜಿನ ಮೇಲಿದೆ.

ಇದು ವಿಜ್ಞಾನ ವಿಭಾಗದವರು ಬರೆಯಬೇಕಾದ ವಿಷಯವಲ್ಲವೇ ಎಂದು ಗೆಳೆಯರು ಕೇಳಬಹುದು. ನನ್ನ ಖಾಲಾ ಅವರ ಮಗಳು ಎಲೆಕ್ಟ್ರಾನಿಕ್ಸ್ ಇಂಜಿನಿಯರಿಂಗ್ ಓದುತ್ತಿದ್ದಾರೆ. ನಾವೆಲ್ಲ ಅವರನ್ನು ಆಪಾ ಎನ್ನುತ್ತೇವೆ. ನರಕೋಶದ ಸಂಕೇತವನ್ನು ಹಿಡಿಯುವ ಚಿಪ್‌ನ ಒಂದು ಭಾಗದ ವಿನ್ಯಾಸವೇ ಅವರ ಕೊನೆಯ ವರ್ಷದ ಪ್ರಾಜೆಕ್ಟ್. ಅವರು ಮನೆಯಲ್ಲಿ ಉರ್ದುವಿನಲ್ಲಿ ಹೇಳಿದ್ದನ್ನು ಕನ್ನಡಕ್ಕೆ ತರುತ್ತಾ ಹೋದಂತೆ ಗಾಲ್ವಾನಿಯ ಕಥೆ ನನ್ನನ್ನು ಬಿಡಲಿಲ್ಲ. ಅವರ ಬದುಕನ್ನು ಓದಿದ ಮೇಲೆ ಇದು ಬರೀ ವಿಜ್ಞಾನದ ಕಥೆಯಲ್ಲ, ಲೆಕ್ಕ ಮತ್ತು ಪ್ರಾಮಾಣಿಕತೆಯ ಕಥೆಯೂ ಹೌದು ಎನಿಸಿತು.

ಗಾಲ್ವಾನಿ ಹುಟ್ಟಿದ್ದು 1737ರ ಸೆಪ್ಟೆಂಬರ್ 9ರಂದು. ಆಗ ಬೊಲೊನ್ಯ ನಗರ ಪೋಪ್ ಅವರ ಆಳ್ವಿಕೆಯಲ್ಲಿತ್ತು. ಯುರೋಪಿನ ಅತಿ ಹಳೆಯ ವಿಶ್ವವಿದ್ಯಾಲಯಗಳಲ್ಲಿ ಒಂದು ಆ ಊರಿನಲ್ಲಿದೆ. ತಂದೆ ಅಕ್ಕಸಾಲಿಗರು. ಹುಡುಗನಿಗೆ ಚಿಕ್ಕಂದಿನಲ್ಲೇ ದೈವಭಕ್ತಿ ಹೆಚ್ಚು. ಸನ್ಯಾಸಿಯಾಗಿ ಮಠ ಸೇರಬೇಕೆಂಬ ಆಸೆ ಇತ್ತು. ಮನೆಯವರು ಒಪ್ಪಲಿಲ್ಲ. ಹೀಗಾಗಿ ವೈದ್ಯಕೀಯ ಓದಿ 1759ರಲ್ಲಿ ಪದವಿ ಪಡೆದರು. ಮುಂದೆ ಅದೇ ಊರಿನಲ್ಲಿ ಅಂಗರಚನಾಶಾಸ್ತ್ರ ಕಲಿಸಿದರು, ಶಸ್ತ್ರಚಿಕಿತ್ಸೆ ಮಾಡಿದರು, ಹೆರಿಗೆ ವಿದ್ಯೆಯ ಪ್ರಾಧ್ಯಾಪಕರೂ ಆದರು. ಮೂಳೆಗಳ ರಚನೆ, ಹಕ್ಕಿಗಳ ಮೂತ್ರಪಿಂಡ ಮತ್ತು ಕಿವಿ, ಇವು ಅವರ ಮೊದಲ ಸಂಶೋಧನೆಯ ವಿಷಯಗಳು.

ಅವರ ಪತ್ನಿ ಲುಚಿಯಾ ಗಲೆಯಾಟ್ಸಿ. ಗಾಲ್ವಾನಿಯ ಗುರುಗಳಲ್ಲಿ ಒಬ್ಬರಾದ ಪ್ರಾಧ್ಯಾಪಕರ ಮಗಳು, ಓದು ಬರಹ ಬಲ್ಲವರು. ಗಂಡನ ಬರಹಗಳನ್ನು ತಿದ್ದಿಕೊಡುತ್ತಿದ್ದರು, ಮನೆಯಲ್ಲೇ ನಡೆಯುತ್ತಿದ್ದ ಪ್ರಯೋಗಗಳಿಗೂ ಜೊತೆಯಾಗಿದ್ದರು. ದಂಪತಿಗೆ ಮಕ್ಕಳಿರಲಿಲ್ಲ. ಗಾಲ್ವಾನಿಗೆ ಹೆಸರು ತಂದ ಪುಸ್ತಕ ಅಚ್ಚಾಗುವ ಮೊದಲೇ ಲುಚಿಯಾ ತೀರಿಕೊಂಡರು. ಕಾಯಿಲೆಯ ಹೆಂಡತಿಗೆ ಕಪ್ಪೆಯ ಸೂಪ್ ಮಾಡುವಾಗ ಆಕಸ್ಮಿಕವಾಗಿ ಈ ಶೋಧ ಆಯಿತು ಎಂಬ ಒಂದು ಕಥೆ ಎಷ್ಟೋ ಕಡೆ ಕಾಣಸಿಗುತ್ತದೆ. ಅದು ಕಟ್ಟುಕಥೆ. ಗಾಲ್ವಾನಿ ದಿನಾಂಕ ಹಾಕಿ ಬರೆದಿಟ್ಟ ಟಿಪ್ಪಣಿಗಳಿವೆ. 1780ರ ನವೆಂಬರ್‌ನಲ್ಲಿಯೇ ಅವರು ಕಪ್ಪೆಯ ಕಾಲು ಮತ್ತು ವಿದ್ಯುತ್ತಿನ ಬಗ್ಗೆ ಯೋಜನೆ ಮಾಡಿಕೊಂಡು ಪ್ರಯೋಗ ನಡೆಸುತ್ತಿದ್ದರು.

ಆ ಕಾಲದಲ್ಲಿ ನರಗಳ ಬಗ್ಗೆ ಏನು ತಿಳಿದಿತ್ತು? ನರವೆಂದರೆ ಟೊಳ್ಳು ಕೊಳವೆ, ಅದರೊಳಗೆ ಮೆದುಳಿನಿಂದ ಒಂದು ಸೂಕ್ಷ್ಮ ದ್ರವ ಹರಿದು ಸ್ನಾಯುವನ್ನು ಕುಣಿಸುತ್ತದೆ ಎಂಬ ಹಳೆಯ ನಂಬಿಕೆ ಇನ್ನೂ ಉಳಿದಿತ್ತು. ಇನ್ನೊಂದು ಕಡೆ ವಿದ್ಯುತ್ ಹೊಸ ಬೆರಗಾಗಿತ್ತು. ಗಾಜನ್ನು ಉಜ್ಜಿ ಕಿಡಿ ಹಾರಿಸುವ ಯಂತ್ರಗಳು ಬಂದಿದ್ದವು. ಆ ವಿದ್ಯುತ್ತನ್ನು ಕೂಡಿಡುವ ಲೈಡನ್ ಜಾಡಿ ಬಂದಿತ್ತು. ಬ್ಯಾಟರಿ ಮಾತ್ರ ಇರಲಿಲ್ಲ. ವಿದ್ಯುತ್ತನ್ನು ಅಳೆಯುವ ಸೂಕ್ಷ್ಮ ಸಾಧನವೂ ಇರಲಿಲ್ಲ.

1781ರ ಜನವರಿ 26. ಮೇಜಿನ ಮೇಲೆ ಕಪ್ಪೆಯ ಹಿಂಗಾಲುಗಳಿವೆ, ತೊಡೆಗೆ ಇಳಿಯುವ ನರ ಹೊರಗೆ ಕಾಣುವಂತೆ ಬಿಡಿಸಿಟ್ಟಿದೆ. ಸ್ವಲ್ಪ ದೂರದಲ್ಲಿ ವಿದ್ಯುತ್ ಯಂತ್ರವಿದೆ. ಎರಡರ ನಡುವೆ ತಂತಿ ಇಲ್ಲ. ಒಬ್ಬ ಸಹಾಯಕ ಚಾಕುವಿನ ತುದಿಯನ್ನು ನರಕ್ಕೆ ಮುಟ್ಟಿಸಿದ. ಅದೇ ಕ್ಷಣ ಯಂತ್ರದಿಂದ ಕಿಡಿ ಹಾರಿತು. ಸತ್ತ ಕಪ್ಪೆಯ ಕಾಲು ಜೋರಾಗಿ ಒದ್ದಿತು.

ಇಲ್ಲಿ ಗಾಲ್ವಾನಿಯ ಗುಣ ಗೊತ್ತಾಗುತ್ತದೆ. ಅವರು ಅಂದೇ ಓಡಿಹೋಗಿ ಊರಿಗೆಲ್ಲ ಸಾರಲಿಲ್ಲ. ಚಾಕುವಿನ ಹಿಡಿಯನ್ನು ಬದಲಿಸಿ ನೋಡಿದರು. ಮೂಳೆಯ ಹಿಡಿಯನ್ನು ಮಾತ್ರ ಹಿಡಿದಾಗ ಕಾಲು ಆಡುವುದಿಲ್ಲ, ಬೆರಳು ಲೋಹಕ್ಕೆ ತಗುಲಿದರೆ ಆಡುತ್ತದೆ ಎಂದು ಕಂಡುಕೊಂಡರು. ಯಂತ್ರವನ್ನು ದೂರ ಸರಿಸಿದರು, ಹತ್ತಿರ ತಂದರು. ಒಂದೊಂದೇ ಅಂಶ ಬದಲಿಸಿ ಪ್ರತಿಯೊಂದನ್ನೂ ಬರೆದಿಟ್ಟರು. ಹೀಗೆ ಹತ್ತು ವರ್ಷ.

1786ರಲ್ಲಿ ಮಿಂಚಿನ ಪರಿಣಾಮ ನೋಡಲು ಕಪ್ಪೆಯ ಕಾಲುಗಳನ್ನು ಮನೆಯ ಹೊರಗೆ ಕಟ್ಟಿದರು. ಗುಡುಗು ಮಿಂಚು ಬಂದಾಗ ಕಾಲುಗಳು ಕುಣಿದವು. ಆಮೇಲೆ ಆಕಾಶ ತಿಳಿಯಾಗಿದ್ದ ದಿನವೂ ಬೆನ್ನುಹುರಿಗೆ ಹಿತ್ತಾಳೆಯ ಕೊಕ್ಕೆ ಸಿಕ್ಕಿಸಿ ಬಾಲ್ಕನಿಯ ಕಬ್ಬಿಣದ ಸರಳಿಗೆ ನೇತುಹಾಕಿದರು. ಮಿಂಚಿಲ್ಲ, ಯಂತ್ರವಿಲ್ಲ. ಆದರೂ ಕೊಕ್ಕೆಯನ್ನು ಸರಳಿಗೆ ಒತ್ತಿದಾಗಲೆಲ್ಲ ಕಾಲು ಸೆಟೆದುಕೊಂಡಿತು. ಮನೆಯೊಳಗೆ ಕಬ್ಬಿಣದ ತಟ್ಟೆಯ ಮೇಲಿಟ್ಟು ಮಾಡಿದರೂ ಅದೇ ಫಲ. ಹೊರಗಿನಿಂದ ವಿದ್ಯುತ್ ಬಾರದಿದ್ದರೆ ಅದು ಒಳಗಿನಿಂದಲೇ ಬಂದಿರಬೇಕು ಎಂಬುದು ಅವರ ತರ್ಕ.

1791ರಲ್ಲಿ ಇದನ್ನೆಲ್ಲ ಲ್ಯಾಟಿನ್ ಭಾಷೆಯಲ್ಲಿ ಪ್ರಕಟಿಸಿದರು. ಸ್ನಾಯುವೇ ಒಂದು ಪುಟ್ಟ ಲೈಡನ್ ಜಾಡಿ ಇದ್ದಂತೆ, ಅದರ ಒಳಗೂ ಹೊರಗೂ ಬೇರೆ ಬೇರೆ ವಿದ್ಯುತ್ ನಿಂತಿರುತ್ತದೆ, ನರವು ಎಣ್ಣೆಯಂಥ ಪದರದ ಹೊದಿಕೆ ಇರುವ ತಂತಿಯಂತೆ ಕೆಲಸ ಮಾಡುತ್ತದೆ ಎಂಬುದು ಅವರ ವಿವರಣೆ. ಇದಕ್ಕೆ ಅವರು ಇಟ್ಟ ಹೆಸರು ಪ್ರಾಣಿ ವಿದ್ಯುತ್. ಯುರೋಪಿನ ತುಂಬ ವಿದ್ವಾಂಸರು ಕಪ್ಪೆ ಹಿಡಿದು ಪ್ರಯೋಗಕ್ಕೆ ಕುಳಿತರು.

ಅವರಲ್ಲಿ ಪಾವಿಯಾ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಅಲೆಸ್ಸಾಂಡ್ರೊ ವೋಲ್ಟಾ ಕೂಡ ಒಬ್ಬರು. ಮೊದಲು ಅವರು ಗಾಲ್ವಾನಿಯನ್ನು ಮೆಚ್ಚಿಕೊಂಡರು. ತಾವೇ ಪ್ರಯೋಗ ಮಾಡುತ್ತಾ ಹೋದಂತೆ ಅನುಮಾನ ಬಂತು. ಒಂದೇ ಲೋಹ ಬಳಸಿದಾಗ ಕಾಲು ಅಷ್ಟಾಗಿ ಆಡುವುದಿಲ್ಲ, ಎರಡು ಬೇರೆ ಲೋಹಗಳಿದ್ದಾಗ ಚೆನ್ನಾಗಿ ಆಡುತ್ತದೆ. ಹಾಗಾದರೆ ವಿದ್ಯುತ್ ಹುಟ್ಟುವುದು ಹಿತ್ತಾಳೆ ಮತ್ತು ಕಬ್ಬಿಣದ ಸಂಪರ್ಕದಲ್ಲಿ, ಕಪ್ಪೆಯಲ್ಲಿ ಅಲ್ಲ. ಕಪ್ಪೆಯ ಕಾಲು ಬರೀ ಒಂದು ಅಳತೆಯ ಸಾಧನ, ಬಹಳ ಸೂಕ್ಷ್ಮವಾದ ಸಾಧನ, ಅಷ್ಟೇ ಎಂದು ಅವರು ವಾದಿಸಿದರು.

ಗೆಳೆಯರೇ, ಈ ಪ್ರಶ್ನೆಯನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ. ಕಾಣುತ್ತಿರುವ ವಿದ್ಯುತ್ ನರದ್ದೋ, ಅದಕ್ಕೆ ಮುಟ್ಟಿಸಿದ ಲೋಹದ್ದೋ? ಮುಂದೆ ಇದು ಮತ್ತೆ ಬರುತ್ತದೆ.

ಗಾಲ್ವಾನಿ ಸ್ವಭಾವದಲ್ಲಿ ಸಂಕೋಚದವರು, ಜಗಳಕ್ಕೆ ಹೋಗುವವರಲ್ಲ. ಅವರು ಉತ್ತರ ಕೊಟ್ಟಿದ್ದು ಪ್ರಯೋಗದ ಮೂಲಕ. ಲೋಹದಿಂದ ವಿದ್ಯುತ್ ಬರುತ್ತದೆ ಎನ್ನುವುದಾದರೆ ಲೋಹವನ್ನೇ ತೆಗೆದುಬಿಡೋಣ ಎಂದುಕೊಂಡರು. 1794ರಲ್ಲಿ ಹೆಸರು ಹಾಕದೆ ಒಂದು ಪುಸ್ತಕ ಬಂತು. ಕಪ್ಪೆಯ ನರದ ತುದಿಯನ್ನು ನೇರವಾಗಿ ಸ್ನಾಯುವಿಗೆ ಮುಟ್ಟಿಸಿದರೂ ಕಾಲು ಆಡುತ್ತದೆ ಎಂದು ಅದರಲ್ಲಿ ತೋರಿಸಲಾಗಿತ್ತು. 1795ರಲ್ಲಿ, ಐವತ್ತೇಳನೆಯ ವಯಸ್ಸಿನಲ್ಲಿ, ಏಡ್ರಿಯಾಟಿಕ್ ಸಮುದ್ರದ ತೀರಕ್ಕೆ ಪ್ರಯಾಣ ಮಾಡಿ, ಮುಟ್ಟಿದರೆ ಶಾಕ್ ಹೊಡೆಯುವ ಟಾರ್ಪಿಡೊ ಮೀನುಗಳನ್ನು ಪರೀಕ್ಷಿಸಿದರು. 1797ರಲ್ಲಿ ಇನ್ನೂ ಸೊಗಸಾದ ಪ್ರಯೋಗ ಪ್ರಕಟವಾಯಿತು. ಎರಡು ಕಾಲುಗಳನ್ನು ಬೇರೆ ಬೇರೆ ಇಟ್ಟು, ಒಂದರ ನರ ಇನ್ನೊಂದರ ನರಕ್ಕೆ ಎರಡು ಕಡೆ ತಗುಲುವಂತೆ ಮಾಡಿದರು. ಎರಡೂ ಕಾಲುಗಳು ಆಡಿದವು. ಅಲ್ಲಿ ಲೋಹದ ಚೂರೂ ಇರಲಿಲ್ಲ.

ಇಷ್ಟರಲ್ಲಿ ರಾಜಕೀಯ ಬದಲಾಗಿತ್ತು. 1796ರಲ್ಲಿ ನೆಪೋಲಿಯನ್‌ನ ಸೈನ್ಯ ಬೊಲೊನ್ಯಕ್ಕೆ ಬಂತು. ಮರುವರ್ಷ ಫ್ರೆಂಚರ ಬೆಂಬಲದಲ್ಲಿ ಸಿಸಾಲ್ಪೈನ್ ಗಣರಾಜ್ಯ ಹುಟ್ಟಿತು. ವಿಶ್ವವಿದ್ಯಾಲಯದಲ್ಲಿ ಕಲಿಸುವವರೆಲ್ಲ ಹೊಸ ಸರ್ಕಾರಕ್ಕೆ ನಿಷ್ಠೆಯ ಪ್ರಮಾಣ ಮಾಡಬೇಕು ಎಂದು ಆಜ್ಞೆಯಾಯಿತು. ಅನೇಕರು ಮಾಡಿದರು. ಆ ಪ್ರಮಾಣ ತಮ್ಮ ಧರ್ಮಕ್ಕೂ ಮನಸ್ಸಾಕ್ಷಿಗೂ ಒಪ್ಪುವಂಥದ್ದಲ್ಲ ಎಂದು ಗಾಲ್ವಾನಿ 1798ರ ಏಪ್ರಿಲ್‌ನಲ್ಲಿ ನಿರಾಕರಿಸಿದರು. ನಮ್ಮ ಮನೆಯ ಮಾತಿನಲ್ಲಿ ಮನಸ್ಸಾಕ್ಷಿಗೆ ಜಮೀರ್ ಎನ್ನುತ್ತೇವೆ. ಒಂದು ಸಹಿ ಹಾಕಿದ್ದರೆ, ನಾಲ್ಕು ಮಾತು ಉಚ್ಚರಿಸಿದ್ದರೆ ಕೆಲಸ ಉಳಿಯುತ್ತಿತ್ತು. ಅವರು ಹಾಗೆ ಮಾಡಲಿಲ್ಲ. ಹುದ್ದೆ ಹೋಯಿತು, ಸಂಬಳ ಹೋಯಿತು. ಹೆಂಡತಿ ಇರಲಿಲ್ಲ, ಮಕ್ಕಳಿರಲಿಲ್ಲ. ಹುಟ್ಟಿದ ಮನೆಗೆ, ಅಣ್ಣತಮ್ಮಂದಿರ ಆಶ್ರಯಕ್ಕೆ ಹೋದರು. ಅವರ ಹೆಸರು ದೊಡ್ಡದೆಂದು ಸರ್ಕಾರ ಕೊನೆಗೆ ವಿನಾಯಿತಿ ಕೊಡಲು ಒಪ್ಪಿತು. ಆದರೆ ಮತ್ತೆ ಕೆಲಸಕ್ಕೆ ಸೇರುವ ಮೊದಲೇ, 1798ರ ಡಿಸೆಂಬರ್ 4ರಂದು ಗಾಲ್ವಾನಿ ತೀರಿಕೊಂಡರು. ಆಗ ಅವರ ವಯಸ್ಸು 61.

ಎರಡು ವರ್ಷಗಳೊಳಗೆ, 1800ರಲ್ಲಿ, ವೋಲ್ಟಾ ಎರಡು ಬಗೆಯ ಲೋಹದ ಬಿಲ್ಲೆಗಳನ್ನೂ ಉಪ್ಪುನೀರಿನಲ್ಲಿ ನೆನೆಸಿದ ತುಂಡುಗಳನ್ನೂ ಒಂದರ ಮೇಲೊಂದು ಪೇರಿಸಿ ಜಗತ್ತಿನ ಮೊದಲ ಬ್ಯಾಟರಿಯನ್ನು ಪ್ರಕಟಿಸಿದರು. ಅದರಲ್ಲಿ ಕಪ್ಪೆ ಇರಲಿಲ್ಲ. ವೋಲ್ಟಾ ಗೆದ್ದರು ಎಂದು ಎಲ್ಲರಿಗೂ ಅನಿಸಿತು. 1801ರಲ್ಲಿ ಪ್ಯಾರಿಸ್‌ನಲ್ಲಿ ನೆಪೋಲಿಯನ್ ಮುಂದೆ ಅದನ್ನು ತೋರಿಸಿ ಗೌರವ ಪಡೆದರು. ಗಾಲ್ವಾನಿಯ ಸೋದರಳಿಯ ಜೊವಾನ್ನಿ ಅಲ್ಡೀನಿ ಮಾವನ ಪರವಾಗಿ ಊರೂರು ಸುತ್ತಿದರು. 1803ರಲ್ಲಿ ಲಂಡನ್‌ನಲ್ಲಿ ಗಲ್ಲಿಗೇರಿದ ಅಪರಾಧಿಯ ಶವಕ್ಕೆ ವಿದ್ಯುತ್ ಕೊಟ್ಟು ಮುಖ, ಕೈ ಆಡುವಂತೆ ಮಾಡಿದರು. ಜನ ಬೆರಗಾದರು, ಹೆದರಿದರು. ಆದರೆ ಆ ಪ್ರದರ್ಶನದಲ್ಲಿ ವಿದ್ಯುತ್ ಹೊರಗಿನಿಂದ ಕೊಟ್ಟದ್ದು. ನರದೊಳಗೇ ವಿದ್ಯುತ್ ಹುಟ್ಟುತ್ತದೆ ಎಂಬ ಗಾಲ್ವಾನಿಯ ಮಾತಿಗೆ ಅದು ಸಾಕ್ಷಿಯಾಗಲಿಲ್ಲ.

ಸಾಕ್ಷಿ ಸಿಗಲು ಇನ್ನೂ ಅರ್ಧ ಶತಮಾನ ಬೇಕಾಯಿತು. ಸಣ್ಣ ವಿದ್ಯುತ್ ಪ್ರವಾಹವನ್ನು ಅಳೆಯುವ ಸಾಧನ ಬಂತು. ಅದಕ್ಕೆ ಗ್ಯಾಲ್ವನೋಮೀಟರ್ ಎಂದು ಗಾಲ್ವಾನಿಯ ಹೆಸರೇ ಬಂತು. ಅದನ್ನು ಬಳಸಿ 1840ರ ದಶಕದಲ್ಲಿ ಬರ್ಲಿನ್‌ನ ಎಮಿಲ್ ದು ಬ್ವಾ ರೇಮಂಡ್ ನರದಲ್ಲಿ ಸಂಕೇತ ಓಡುವಾಗ ಅದರ ವಿದ್ಯುತ್ ಬದಲಾಗುವುದನ್ನು ಅಳೆದು ತೋರಿಸಿದರು. 1920ರ ದಶಕದಲ್ಲಿ ಕೇಂಬ್ರಿಜ್‌ನ ಎಡ್ಗರ್ ಏಡ್ರಿಯನ್ ಒಂದೊಂದೇ ನರತಂತುವಿನ ಸಂಕೇತವನ್ನು ಹಿಡಿದರು. 1932ರ ನೊಬೆಲ್ ಪ್ರಶಸ್ತಿಯಲ್ಲಿ ಅವರಿಗೂ ಪಾಲಿತ್ತು. ನರಕೋಶದ ಒಳಗೂ ಹೊರಗೂ ಬೇರೆ ಬೇರೆ ವಿದ್ಯುತ್ ಇರುತ್ತದೆ ಎಂಬ ಗಾಲ್ವಾನಿಯ ಊಹೆ ನಿಜವಾಯಿತು. ಸೋಡಿಯಂ, ಪೊಟ್ಯಾಸಿಯಂ ಅಯಾನುಗಳು ಕೋಶದ ಗೋಡೆಯನ್ನು ದಾಟುವುದರಿಂದ ಈ ಸಂಕೇತ ಹುಟ್ಟುತ್ತದೆ ಎಂದು ಹಾಡ್ಜ್‌ಕಿನ್ ಮತ್ತು ಹಕ್ಸ್ಲಿ 1952ರಲ್ಲಿ ವಿವರಿಸಿದರು.

ಈಗ ಚಿಪ್‌ನ ವಿಷಯಕ್ಕೆ ಬರೋಣ. ನರಕೋಶ ಒಮ್ಮೆ ಮಿಡಿದಾಗ ಅದರ ಒಳಗಿನ ವೋಲ್ಟೇಜ್ ಸುಮಾರು 100 ಮಿಲಿವೋಲ್ಟ್ ಏರಿ ಇಳಿಯುತ್ತದೆ. ಇದೆಲ್ಲ ಸೆಕೆಂಡಿನ ಸಾವಿರದ ಒಂದು ಭಾಗದಷ್ಟು ಹೊತ್ತಿನಲ್ಲಿ ಮುಗಿಯುತ್ತದೆ. ಆದರೆ ಚಿಪ್ ಕೋಶದ ಹೊರಗೆ ಕುಳಿತಿರುತ್ತದೆ. ಅಲ್ಲಿಗೆ ತಲುಪುವುದು ಹತ್ತಾರರಿಂದ ಕೆಲವು ನೂರು ಮೈಕ್ರೊವೋಲ್ಟ್ ಮಾತ್ರ. 1972ರಲ್ಲಿ ಗಾಜಿನ ಮೇಲೆ ಸಣ್ಣ ಲೋಹದ ಬಿಂದುಗಳನ್ನು ಜೋಡಿಸಿ ಕೋಳಿಮರಿಯ ಹೃದಯದ ಕೋಶಗಳ ಸಂಕೇತ ಹಿಡಿಯಲಾಯಿತು. 1991ರಲ್ಲಿ ಜರ್ಮನಿಯ ಪೀಟರ್ ಫ್ರೊಮ್‌ಹರ್ಟ್ಸ್ ತಂಡ ಜಿಗಣೆಯ ಒಂದು ನರಕೋಶವನ್ನು ನೇರವಾಗಿ ಸಿಲಿಕಾನ್ ಟ್ರಾನ್ಸಿಸ್ಟರ್ ಮೇಲೆ ಕೂರಿಸಿ ಅದರ ಮಿಡಿತವನ್ನು ಓದಿತು. 2017ರಲ್ಲಿ ಪ್ರಕಟವಾದ ನ್ಯೂರೊಪಿಕ್ಸೆಲ್ಸ್ ಎಂಬ ಸಾಧನ 10 ಮಿಲಿಮೀಟರ್ ಉದ್ದದ, ಕೂದಲೆಳೆಯಷ್ಟು ಅಗಲದ ಸಿಲಿಕಾನ್ ಸೂಜಿ. ಅದರ ಮೇಲೆ 960 ಬಿಂದುಗಳಿವೆ. ಅವುಗಳಲ್ಲಿ 384ರಿಂದ ಒಂದೇ ಸಲಕ್ಕೆ ದಾಖಲಿಸಬಹುದು. ಪ್ರತಿ ಬಿಂದುವನ್ನು ಸೆಕೆಂಡಿಗೆ 30,000 ಸಲ ಅಳೆಯುತ್ತದೆ. ಗುಣಿಸಿದರೆ ಸೆಕೆಂಡಿಗೆ 1 ಕೋಟಿ 15 ಲಕ್ಷ 20 ಸಾವಿರ ಅಳತೆಗಳು. ನಮ್ಮ ಅಂಗಡಿಯ ಲೆಡ್ಜರ್‌ನಲ್ಲಿ ಒಂದು ಜನ್ಮಕ್ಕೂ ಇಷ್ಟು ಎಂಟ್ರಿ ಆಗುವುದಿಲ್ಲ.

ಇದರ ವಿನ್ಯಾಸದಲ್ಲಿ ಕಷ್ಟ ಎಲ್ಲಿದೆ ಎಂದು ಆಪಾ ಅವರನ್ನು ಕೇಳಿದೆ. ಅವರು ಮೂರು ಕಷ್ಟ ಹೇಳಿದರು. ಮೊದಲನೆಯದು ಗದ್ದಲ. ಲೋಹದ ಬಿಂದು ಚಿಕ್ಕದಾದಷ್ಟೂ ಒಂದೇ ಕೋಶದ ಹತ್ತಿರ ಹೋಗಬಹುದು. ಆದರೆ ಚಿಕ್ಕದಾದಂತೆ ವಿದ್ಯುತ್ ಹರಿಯುವುದಕ್ಕೆ ತಡೆ ಹೆಚ್ಚಿ, ಬೇಡದ ಗದ್ದಲ ಬೆಳೆಯುತ್ತದೆ. ಅದಕ್ಕೇ ಬಿಂದುವಿನ ಮೇಲೆ ಪ್ಲಾಟಿನಂ ಮುಂತಾದ ವಸ್ತುವಿನ ಒರಟು ಲೇಪ ಕೊಟ್ಟು, ಅಳತೆ ಹೆಚ್ಚಿಸದೆ ಮೇಲ್ಮೈ ಮಾತ್ರ ಹೆಚ್ಚಿಸುತ್ತಾರೆ. ಎರಡನೆಯದು ಶಾಖ. ನಮ್ಮ ಫೋನಿನಂತೆ ಚಿಪ್ ಬಿಸಿಯಾದರೆ ಮೆದುಳಿನ ಕೋಶಗಳಿಗೆ ಹಾನಿ. ಆದ್ದರಿಂದ ಒಂದೊಂದು ಆಂಪ್ಲಿಫೈಯರ್‌ಗೂ ಮೈಕ್ರೊವ್ಯಾಟ್‌ಗಳಲ್ಲಿ ಲೆಕ್ಕ ಹಾಕಿ ವಿದ್ಯುತ್ ಕೊಡುತ್ತಾರೆ.

ಮೂರನೆಯದನ್ನು ಕೇಳಿದಾಗ ನನಗೆ ಮೈ ಜುಮ್ಮೆಂದಿತು. ದೇಹದ ದ್ರವ ಉಪ್ಪುನೀರಿನಂಥದ್ದು. ಯಾವ ಲೋಹವನ್ನು ಅದಕ್ಕೆ ಮುಟ್ಟಿಸಿದರೂ ಆ ಸಂಪರ್ಕದಲ್ಲೇ ಒಂದು ವೋಲ್ಟೇಜ್ ಹುಟ್ಟುತ್ತದೆ. ಅದು ಹತ್ತಾರು, ಕೆಲವೊಮ್ಮೆ ನೂರಾರು ಮಿಲಿವೋಲ್ಟ್ ಇರಬಹುದು. ಅಂದರೆ ನರದ ಸಂಕೇತ 1 ರೂಪಾಯಿ ಎಂದಾದರೆ ಲೋಹದ್ದು 1,000 ರೂಪಾಯಿ ಆಗಿರಬಹುದು. ಎರಡನ್ನೂ ಕೂಡಿಸಿ ದೊಡ್ಡದು ಮಾಡಿದರೆ ಆಂಪ್ಲಿಫೈಯರ್ ಲೋಹದ ವೋಲ್ಟೇಜಿನಿಂದಲೇ ತುಂಬಿಹೋಗುತ್ತದೆ, ನರದ ಮಾತು ಕೇಳಿಸುವುದೇ ಇಲ್ಲ. ಆದ್ದರಿಂದ ಅನೇಕ ಚಿಪ್‌ಗಳಲ್ಲಿ ಮೊದಲ ಬಾಗಿಲಲ್ಲೇ ಕೆಪಾಸಿಟರ್ ಇಡುತ್ತಾರೆ. ಲೋಹದ ವೋಲ್ಟೇಜ್ ನಿಧಾನವಾಗಿ ಬದಲಾಗುವಂಥದ್ದು, ಕೆಪಾಸಿಟರ್ ಅದನ್ನು ತಡೆಯುತ್ತದೆ. ನರದ ಮಿಡಿತ ವೇಗವಾದದ್ದು, ಅದು ದಾಟಿ ಹೋಗುತ್ತದೆ. ಕಾಮರ್ಸ್‌ನವರ ಭಾಷೆಯಲ್ಲಿ ಹೇಳುವುದಾದರೆ, ಹಳೆಯ ಓಪನಿಂಗ್ ಬ್ಯಾಲೆನ್ಸ್ ಬದಿಗಿಟ್ಟು ಇಂದಿನ ವ್ಯವಹಾರವನ್ನು ಮಾತ್ರ ಬರೆದುಕೊಳ್ಳುವ ವ್ಯವಸ್ಥೆ.

ಗಾಲ್ವಾನಿ ಮತ್ತು ವೋಲ್ಟಾ ಅವರ ವಾದ ನೆನಪಿಸಿಕೊಳ್ಳಿ. ವಿದ್ಯುತ್ ನರದ್ದೋ, ಲೋಹದ್ದೋ? ಎರಡೂ ಇದೆ. ಬಾಲ್ಕನಿಯ ಕೊಕ್ಕೆ ಮತ್ತು ಸರಳಿನ ವಿಷಯದಲ್ಲಿ ವೋಲ್ಟಾ ಹೇಳಿದ್ದು ಸರಿ. ಲೋಹವಿಲ್ಲದೆ ನರಕ್ಕೆ ನರ ತಗುಲಿಸಿದ ಪ್ರಯೋಗದಲ್ಲಿ ಗಾಲ್ವಾನಿ ಹೇಳಿದ್ದು ಸರಿ. ನರಕೋಶದ ಚಿಪ್ ವಿನ್ಯಾಸ ಮಾಡುವ ಇಂಜಿನಿಯರ್ ದಿನವೂ ಇಬ್ಬರ ಲೆಕ್ಕವನ್ನೂ ಎದುರಿಗಿಟ್ಟುಕೊಂಡು, ಒಂದರ ಮೊತ್ತ ಇನ್ನೊಂದರ ಖಾತೆಗೆ ಸೇರದಂತೆ ಬೇರ್ಪಡಿಸುತ್ತಾರೆ. ಹಾಗೆ ಬೇರ್ಪಡಿಸಿದ್ದರಿಂದಲೇ, ಬೆನ್ನುಹುರಿಯ ಗಾಯದಿಂದ ಕೈಕಾಲು ಆಡದ ಒಬ್ಬ ರೋಗಿ ಮೆದುಳಿನಲ್ಲಿ ಇರಿಸಿದ ಸಣ್ಣ ಸೂಜಿಗಳ ನೆರವಿನಿಂದ, ಬರೀ ಯೋಚಿಸಿ ಕಂಪ್ಯೂಟರ್ ಕರ್ಸರ್ ಸರಿಸಿದ ವರದಿ 2006ರಲ್ಲಿ ಬಂತು.

ಗಾಲ್ವಾನಿ ಸಾಯುವಾಗ ಅವರ ಖಾತೆಯಲ್ಲಿ ಉದ್ಯೋಗವಿರಲಿಲ್ಲ, ಗೆಲುವಿರಲಿಲ್ಲ. ಆದರೆ ಸುಳ್ಳು ಪ್ರಮಾಣವೂ ಇರಲಿಲ್ಲ, ಸುಳ್ಳು ಪ್ರಯೋಗವೂ ಇರಲಿಲ್ಲ. ನಾವು ಪರೀಕ್ಷೆಯ ಅಂಕಗಳಿಂದ ಒಂದು ವರ್ಷದ ಲೆಕ್ಕ ಮುಗಿಸುವವರು. ಅವರ ಲೆಕ್ಕ ಸರಿಯಾಗಿದೆ ಎಂದು ತಿಳಿಯಲು ಅರ್ಧ ಶತಮಾನ ಹಿಡಿಯಿತು. ಅಷ್ಟು ಕಾಲದ ನಂತರವೂ ಇನ್ನೊಬ್ಬರು ಪರಿಶೀಲಿಸಲು ಸಾಧ್ಯವಾದದ್ದು, ಏನು ಮಾಡಿದರು, ಏನು ಕಂಡರು ಎಂಬುದನ್ನು ಅವರು ದಿನಾಂಕ ಸಮೇತ ಬರೆದಿಟ್ಟಿದ್ದರಿಂದ. ಬೊಲೊನ್ಯದಲ್ಲಿ ಇಂದು ಅವರ ಹೆಸರಿನ ಚೌಕವಿದೆ. ಅಲ್ಲಿನ ಅಮೃತಶಿಲೆಯ ಪ್ರತಿಮೆಯಲ್ಲಿ ಗಾಲ್ವಾನಿ ತಲೆತಗ್ಗಿಸಿ, ಕೈಯಲ್ಲಿರುವ ಹಲಗೆಯ ಮೇಲಿನ ಕಪ್ಪೆಯನ್ನೇ ನೋಡುತ್ತಾ ನಿಂತಿದ್ದಾರೆ.